ಪ್ರತಿಕ್ರಿಯೆ: ಲಸಿಕೆ ವ್ಯಾಪ್ತಿ ಶೇ 118 ಬಂದರೆ
ಲಸಿಕೆ ವ್ಯಾಪ್ತಿ ಶೇ 100 ಮೀರುವುದು ಹೇಗೆ ಎಂಬ ಪ್ರಶ್ನೆಗೆ ಇದು ಉತ್ತರ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೆಂಟಾ (ಐದು ರೋಗಗಳ ವಿರುದ್ಧ ಶಿಶುಗಳಿಗೆ ಕೊಡುವ ಲಸಿಕೆ) ಮೂರನೇ ಡೋಸ್ ಶೇ 118 ಬಂದಿದ್ದರೆ, ಎಡವಟ್ಟು ಬಹುಶಃ ಛೇದದಲ್ಲಿದೆ, ಅಂದರೆ ಲಸಿಕೆ ಪಡೆಯಬೇಕಾದ ಮಕ್ಕಳ ಅಂದಾಜು ಸಂಖ್ಯೆಯಲ್ಲಿದೆ. 2011ರ ಜನಗಣತಿಯನ್ನು ಒಂದೇ ದರದಲ್ಲಿ ಬೆಳೆಸಿದ ಅಂಕಿ ಹೊಸ ಬಡಾವಣೆಗಳೆದ್ದ ಊರಿಗೆ ಹೊಂದುವುದಿಲ್ಲ.

ಮೊದಲು ಆಶಾ ಕಾರ್ಯಕರ್ತೆಯರ ಮನೆ ಮನೆ ಎಣಿಕೆಯ ಜನಸಂಖ್ಯೆ ತೆಗೆದುಕೊಳ್ಳಿ. 30,000 ಜನ, ಸಾವಿರಕ್ಕೆ 17 ಜನನ ಎಂದಿಟ್ಟುಕೊಂಡರೆ 510 ಮಕ್ಕಳು. ಶಿಶು ಮರಣ ಸಾವಿರಕ್ಕೆ 20 ಆದರೆ ಉಳಿಯುವವರು ಸುಮಾರು 500. ಹುಟ್ಟಿದಾಗಲೇ ಕೊಡುವ ಕ್ಷಯದ ಲಸಿಕೆ ಬಿಸಿಜಿಗೆ ಛೇದ 510, ಆಮೇಲೆ ಕೊಡುವ ಪೆಂಟಾಕ್ಕೆ 500. ಗರ್ಭಿಣಿಯರ ನೋಂದಣಿಗೆ ಮಾತ್ರ 510ಕ್ಕೆ ಶೇ 10 ಸೇರಿಸಿ, ಏಕೆಂದರೆ ಎಲ್ಲ ಗರ್ಭವೂ ಹೆರಿಗೆಯವರೆಗೆ ಬರುವುದಿಲ್ಲ. ಎಲ್ಲಕ್ಕೂ ಒಂದೇ ಸಂಖ್ಯೆ ಹಾಕುವ ತಪ್ಪನ್ನು ನಾನೂ ಮಾಡಿದ್ದೇನೆ.

ಆಮೇಲೆ ಲಸಿಕೆ ರಿಜಿಸ್ಟರಿನ ವಿಳಾಸದ ಕಾಲಂ ನೋಡಿ. ತವರಿಗೆ ಬಂದ ಬಾಣಂತಿಯರ ಕೂಸುಗಳು ಅಂಶದಲ್ಲಿ, ಅಂದರೆ ಲಸಿಕೆ ಪಡೆದವರ ಲೆಕ್ಕದಲ್ಲಿ ಇರುತ್ತವೆ, ಛೇದದಲ್ಲಿರುವುದಿಲ್ಲ. ಅವುಗಳನ್ನು ಬೇರೆ ಎಣಿಸಿ. ನಿಮ್ಮಲ್ಲಿ ಇದರ ಪಾಲು ಎಷ್ಟೆಂದು ರಿಜಿಸ್ಟರ್ ನೋಡದೆ ಹೇಳಲಾರೆ.

ವರದಿಗೆ ಸಮಯವಿಲ್ಲದಿದ್ದರೆ, ಪೆಂಟಾ ಒಂದನೇ ಡೋಸಿನ ಸಂಖ್ಯೆಯಿಂದ ಮೂರನೆಯದನ್ನು ಕಳೆದು, ಒಂದನೆಯದರಿಂದಲೇ ಭಾಗಿಸಿ. ನಡುವೆ ಬಿಟ್ಟುಹೋದವರ ಪ್ರಮಾಣ ಸಿಗುತ್ತದೆ. ಅದಕ್ಕೆ ಜನಸಂಖ್ಯೆಯೇ ಬೇಡ.