ಓದುಗರ ಪ್ರಶ್ನೆ: ಬ್ಯಾಟ್ ಕೈಬಿಟ್ಟು ಓಡುವ ಆಟ

ಸಾಫ್ಟ್‌ಬಾಲ್, ಬೇಸ್‌ಬಾಲ್ ನಿಯಮಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಕೇಳಿದವರಲ್ಲಿ ಹೆಚ್ಚಿನವರು ಕ್ರಿಕೆಟ್ ಬಲ್ಲವರು. ಎಡವಿರುವುದೂ ಬಹುತೇಕ ಆ ಅಭ್ಯಾಸದಿಂದಲೇ. ನಮ್ಮ ಶಾಲೆಗಳಲ್ಲಿ ಸಾಫ್ಟ್‌ಬಾಲ್ ಹೆಚ್ಚಾದ್ದರಿಂದ ಉತ್ತರಗಳೂ ಆ ಕಡೆಗೇ ವಾಲಿವೆ. ಬೇಸ್‌ಬಾಲ್‌ನಲ್ಲಿ ನಿಯಮ ಬೇರೆ ಇದ್ದ ಕಡೆ ಹೇಳಿದ್ದೇವೆ.

ಚೆಂಡು ಹೊಡೆದ ಹುಡುಗರು ಬ್ಯಾಟ್ ಹಿಡಿದುಕೊಂಡೇ ಓಡುತ್ತಾರೆ. ಇದಕ್ಕೆ ಔಟ್ ಕೊಡಬಹುದೇ? (ದೈಹಿಕ ಶಿಕ್ಷಕರು, ಹರಿಹರ)

ಅಷ್ಟಕ್ಕೇ ಔಟ್ ಇಲ್ಲ. ಆದರೆ ಲಾಭವೂ ಇಲ್ಲ. ಕ್ರಿಕೆಟ್‌ನಲ್ಲಿ ಬ್ಯಾಟು ಗೆರೆ ದಾಟಿ ನೆಲ ಮುಟ್ಟಿದರೆ ಸಾಕು. ಇಲ್ಲಿ ಬೇಸನ್ನು, ಅಂದರೆ ಓಡಿ ತಲುಪಬೇಕಾದ ಚೀಲವನ್ನು, ಆಟಗಾರನ ಮೈಯೇ ಮುಟ್ಟಬೇಕು, ಹಾಗಾಗಿ ಬ್ಯಾಟು ಬರೀ ಹೊರೆ. ಬಿಡುವುದರಲ್ಲೂ ಎಚ್ಚರ ಬೇಕು. ಹೊಡೆದ ಬ್ಯಾಟು ಫೇರ್ ಜಾಗದಲ್ಲಿ (ಆಟದ ಗೆರೆಗಳ ಒಳಗೆ) ಅದೇ ಚೆಂಡಿಗೆ ಎರಡನೇ ಸಲ ಬಡಿದರೆ ಬ್ಯಾಟರ್ ಔಟ್. ನೆಲದ ಮೇಲೆ ಸುಮ್ಮನೆ ಬಿದ್ದ ಬ್ಯಾಟಿಗೆ ಚೆಂಡೇ ಉರುಳಿ ಬಂದು ತಾಗಿದರೆ, ಬೇಕೆಂದೇ ಮಾಡಿದ್ದಲ್ಲದಿದ್ದರೆ ಔಟ್ ಅಲ್ಲ, ಆಟ ಮುಂದುವರಿಯುತ್ತದೆ. ಬೀಸಿದ ರಭಸದಲ್ಲಿ ಬ್ಯಾಟನ್ನು ಹಿಂದಕ್ಕೆ ಎಸೆಯುವ ಚಾಳಿ ಇದಕ್ಕಿಂತ ಅಪಾಯ, ಮೊದಲು ಪೆಟ್ಟು ತಿನ್ನುವುದು ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್. ಎರಡು ಹೆಜ್ಜೆ ಓಡಿ ಪಕ್ಕಕ್ಕೆ ಇಳಿಬಿಡುವುದನ್ನು ಚೆಂಡಿಲ್ಲದೆಯೇ ಅಭ್ಯಾಸ ಮಾಡಿಸಿ.

ಎರಡು ಸ್ಟ್ರೈಕ್ ಆದ ಮೇಲೂ ನನ್ನ ಮಗಳು ನಾಲ್ಕು ಸಲ ಚೆಂಡನ್ನು ಹಿಂದಕ್ಕೆ ಹೊಡೆದಳು. ಔಟ್ ಕೊಡಲಿಲ್ಲ, ಸಂತೋಷವೇ. ಆದರೆ ಯಾಕೆ? (ಗೃಹಿಣಿ, ಚಳ್ಳಕೆರೆ)

ಬ್ಯಾಟರ್ ಹೊಡೆಯಲು ನಿಲ್ಲುವ, ಮೂರೂ ಬೇಸ್ ಸುತ್ತಿ ಬಂದು ಮುಟ್ಟಿದರೆ ರನ್ ಸಿಗುವ ಹೋಂ ಪ್ಲೇಟಿನಿಂದ ಒಂದನೇ ಮತ್ತು ಮೂರನೇ ಬೇಸಿನ ಕಡೆಗೆ ಎಳೆದ ಎರಡು ಗೆರೆಗಳ ಒಳಗಿನದು ಫೇರ್, ಹೊರಗಿನದು ಫೌಲ್. ಗೆರೆಯೂ ಫೇರ್, ಹೋಂ ಪ್ಲೇಟೂ ಫೇರ್. ಬೀಸಿ ತಪ್ಪಿದ ಅಥವಾ ಹೊಡೆಯಬೇಕಾಗಿದ್ದೂ ಬಿಟ್ಟ ಎಸೆತ ಸ್ಟ್ರೈಕ್, ಮೂರಾದರೆ ಔಟ್. ಫೌಲ್ ಹೊಡೆತ ಮೊದಲ ಎರಡು ಸಲ ಸ್ಟ್ರೈಕ್ ಎಂದು ಎಣಿಕೆಯಾಗುತ್ತದೆ. ಮೂರನೇ ಸ್ಟ್ರೈಕ್ ಮಾತ್ರ ಫೌಲಿನಿಂದ ಬರುವುದಿಲ್ಲ. ಹಾಗಾಗಿ ನಿಮ್ಮ ಮಗಳು ನಲವತ್ತು ಸಲ ಹಿಂದಕ್ಕೆ ಹೊಡೆದರೂ ಅಲ್ಲೇ ನಿಲ್ಲಬಹುದಿತ್ತು.

ಇದಕ್ಕೆ ಮೂರು ತಡೆಗಳಿವೆ. ಬೀಸದೆ ಬ್ಯಾಟನ್ನು ಬರೀ ಒಡ್ಡುವುದಕ್ಕೆ ಬಂಟ್ ಎನ್ನುತ್ತಾರೆ. ಎರಡು ಸ್ಟ್ರೈಕ್ ಇರುವಾಗ ಬಂಟ್ ಫೌಲ್ ಆದರೆ ಔಟ್. ಬ್ಯಾಟಿನ ಅಂಚಿಗೆ ಸವರಿ ನೇರ ಕ್ಯಾಚರ್ ಕೈ ಸೇರಿದ ಚೆಂಡು ಫೌಲೇ ಅಲ್ಲ, ಸ್ಟ್ರೈಕ್. ಅದು ಮೂರನೆಯದಾದರೆ ಔಟ್. ಮೇಲಕ್ಕೆದ್ದ ಫೌಲನ್ನು ನೆಲಕ್ಕೆ ಬೀಳುವ ಮೊದಲು ಯಾರಾದರೂ ಹಿಡಿದರಂತೂ ಎಷ್ಟು ಸ್ಟ್ರೈಕ್ ಇದ್ದರೂ ಔಟ್.

ಬೇಸಿನ ಈಚೆ ನೆಲಕ್ಕೆ ಬಿದ್ದ ಚೆಂಡು ಮೊದಲು ಎಲ್ಲಿ ಪುಟಿಯಿತು ಎಂಬುದು ಮುಖ್ಯವಲ್ಲ. ಎಲ್ಲಿ ನಿಂತಿತು, ಎಲ್ಲಿ ಮುಟ್ಟಿದರು, ಬೇಸನ್ನು ಯಾವ ಕಡೆಯಿಂದ ದಾಟಿತು ಎಂಬುದೇ ಲೆಕ್ಕ. ಗೆರೆಯ ಹೊರಗೆ ಪುಟಿದು ಒಳಗೆ ಹೊರಳಿ ನಿಂತರೆ ಫೇರ್. ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಚೆಂಡು ಹೀಗೆ ಹೊರಳುವುದು ಸಾಮಾನ್ಯ. ಫೌಲ್ ಎಂದುಕೊಂಡು ನಿಂತುಬಿಡಬೇಡಿ, ಅಂಪೈರ್ ಕೂಗುವ ತನಕ ಓಡಿ.

ಎರಡನೇ ಬೇಸಿನಲ್ಲಿ ಫೀಲ್ಡರ್ ಚೆಂಡು ಹಿಡಿದು ಬೇಸ್ ತುಳಿದಾಗ ಒಂದು ಸಲ ಔಟ್ ಕೊಟ್ಟರು. ಐದು ನಿಮಿಷದ ನಂತರ ಅದನ್ನೇ ಮಾಡಿದರೆ ಕೊಡಲಿಲ್ಲ. ಪಕ್ಷಪಾತವೇ? (ಪಿಯು ವಿದ್ಯಾರ್ಥಿ, ದಾವಣಗೆರೆ)

ಅಲ್ಲ. ಈ ಆಟದ ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಕೇಳಬೇಕಾದ ಪ್ರಶ್ನೆ ಒಂದೇ: ರನ್ನರ್ ತಾನಿದ್ದ ಬೇಸನ್ನು ಬಿಡಲೇಬೇಕಿತ್ತೇ?

ಒಂದು ಬೇಸಿನಲ್ಲಿ ಇಬ್ಬರು ನಿಲ್ಲುವಂತಿಲ್ಲ. ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದು ಒಂದನೇ ಬೇಸಿಗೆ ಓಡಿ ಬರುತ್ತಿದ್ದರೆ, ಅಲ್ಲಿದ್ದವನು ಜಾಗ ಖಾಲಿ ಮಾಡಲೇಬೇಕು. ಹೀಗೆ ಹಿಂದಿನವನ ಒತ್ತಾಯಕ್ಕೆ ಹೊರಟವನನ್ನು ಮೈಮುಟ್ಟಿ ಔಟ್ ಮಾಡಬೇಕಿಲ್ಲ. ಅವನು ತಲುಪುವ ಮೊದಲು ಚೆಂಡು ಹಿಡಿದ ಫೀಲ್ಡರ್ ಮುಂದಿನ ಬೇಸ್ ತುಳಿದರೆ ಸಾಕು. ಇದು ಫೋರ್ಸ್ ಔಟ್. ಹಿಂದೆ ಯಾರೂ ಇಲ್ಲದೆ ತನ್ನ ಇಷ್ಟದಿಂದ ಓಡಿದವನನ್ನು ಚೆಂಡಿರುವ ಕೈಯಿಂದ ಅಥವಾ ಗ್ಲೌಸಿನಿಂದ ಮುಟ್ಟಲೇಬೇಕು. ಇದು ಟ್ಯಾಗ್. ಎರಡನೇ ಬೇಸಿನಲ್ಲಿ ಮಾತ್ರ ರನ್ನರ್ ಇದ್ದು ಒಂದನೆಯದು ಖಾಲಿ ಇದ್ದರೆ, ಅವನಿಗೆ ಒತ್ತಾಯವಿಲ್ಲ. ಮೂರನೇ ಬೇಸನ್ನು ಎಷ್ಟು ತುಳಿದರೂ ಅವನು ಔಟಾಗುವುದಿಲ್ಲ.

ಒತ್ತಾಯ ನಡುವೆ ಬಿದ್ದುಹೋಗುವುದೂ ಉಂಟು. ಒಂದನೇ ಬೇಸಿನಲ್ಲಿ ರನ್ನರ್ ಇದ್ದಾನೆ, ಚೆಂಡು ಒಂದನೇ ಬೇಸಿನ ಫೀಲ್ಡರ್ ಕೈಗೇ ಬಂತು ಎನ್ನಿ. ಅವನು ಮೊದಲು ತನ್ನ ಬೇಸ್ ತುಳಿದರೆ ಬ್ಯಾಟರ್ ಔಟ್. ಆ ಗಳಿಗೆಯಲ್ಲೇ ಮುಂದಿನವನ ಮೇಲಿನ ಒತ್ತಾಯ ಹೋಯಿತು. ಈಗ ಎರಡನೇ ಬೇಸಿಗೆ ಎಸೆದರೆ ಅಲ್ಲಿ ಮೈಮುಟ್ಟಲೇಬೇಕು. ಅದೇ ಮೊದಲು ಎರಡಕ್ಕೆ ಎಸೆದು, ಅಲ್ಲಿ ತುಳಿದು, ಚೆಂಡು ಮತ್ತೆ ಒಂದಕ್ಕೆ ಬಂದರೆ ಎರಡೂ ಕಡೆ ತುಳಿತವೇ ಸಾಕು. ನಿಮ್ಮ ತಂಡ ಎಡವಿದ್ದೂ ಬಹುಶಃ ಈ ಕ್ರಮದಲ್ಲಿ. ಒಂದನೇ ಬೇಸಿನವನು ತುಳಿದ ಕೂಡಲೇ ‘ಟ್ಯಾಗ್’ ಎಂದು ಕೂಗುವ ರೂಢಿ ಮಾಡಿಕೊಳ್ಳಿ.

ಮೂರನೇ ಔಟಿಗೆ ಮೊದಲೇ ನಮ್ಮವನು ಹೋಂ ಮುಟ್ಟಿದ್ದ. ರನ್ ಯಾಕೆ ಕೊಡಲಿಲ್ಲ? (ತಂಡದ ನಾಯಕ, ಹಿರಿಯೂರು)

ಮೇಲಿನ ಉತ್ತರವೇ ಇದಕ್ಕೂ ಬೀಗದ ಕೈ. ತಂಡದ ಸರದಿ ಮುಗಿಸುವ ಮೂರನೇ ಔಟ್ ಫೋರ್ಸ್ ಆಗಿದ್ದರೆ, ಅಥವಾ ಬ್ಯಾಟರ್ ಒಂದನೇ ಬೇಸ್ ಮುಟ್ಟುವ ಮೊದಲೇ ಔಟಾಗಿದ್ದರೆ, ಹೋಂ ಎಷ್ಟು ಬೇಗ ಮುಟ್ಟಿದ್ದರೂ ರನ್ ಇಲ್ಲ. ಟ್ಯಾಗ್ ಆಗಿದ್ದರೆ ಯಾವುದು ಮೊದಲು ಎಂದು ನೋಡುತ್ತಾರೆ.

ಚೆಂಡು ನೆಲಕ್ಕೆ ಬಿತ್ತು, ಆದರೂ ಅಂಪೈರ್ ಬ್ಯಾಟರ್ ಔಟ್ ಎಂದರು. ಇನ್‌ಫೀಲ್ಡ್ ಫ್ಲೈ ಅಂತೆ. ಮಕ್ಕಳಿಗೆ ಹೇಗೆ ಬಿಡಿಸಿ ಹೇಳಲಿ? (ದೈಹಿಕ ಶಿಕ್ಷಕಿ, ಹೊಳಲ್ಕೆರೆ)

ಇದೊಂದು ಮೋಸವನ್ನು ತಡೆಯಲು ಬಂದ ನಿಯಮ ಎಂದು ಮೊದಲು ಹೇಳಿ. ಆಗ ಉಳಿದದ್ದು ತಾನಾಗಿ ಹೊಳೆಯುತ್ತದೆ.

ಒಂದು ಮತ್ತು ಎರಡನೇ ಬೇಸಿನಲ್ಲಿ ರನ್ನರುಗಳಿದ್ದಾರೆ. ಬ್ಯಾಟರ್ ಹೊಡೆದದ್ದು ಎತ್ತರಕ್ಕೆ ಎದ್ದು ಎರಡನೇ ಬೇಸಿನ ಫೀಲ್ಡರ್ ನೆತ್ತಿಯ ಮೇಲೇ ಇಳಿಯುತ್ತಿದೆ. ಕ್ಯಾಚ್ ಖಚಿತ ಎಂದು ರನ್ನರುಗಳು ಬೇಸ್ ಬಿಡದೆ ನಿಂತಿರುತ್ತಾರೆ. ಜಾಣ ಫೀಲ್ಡರ್ ಬೇಕೆಂದೇ ಚೆಂಡು ಕೈಬಿಟ್ಟರೆ? ತಕ್ಷಣ ಇಬ್ಬರಿಗೂ ಓಡುವ ಒತ್ತಾಯ ಹುಟ್ಟುತ್ತದೆ, ಮೂರಕ್ಕೆ ಒಂದು ಎಸೆತ, ಎರಡಕ್ಕೆ ಇನ್ನೊಂದು, ಬಿಟ್ಟಿಯಾಗಿ ಎರಡು ಔಟ್. ಅದಕ್ಕೇ ಅಂಪೈರ್ ಚೆಂಡು ಗಾಳಿಯಲ್ಲಿರುವಾಗಲೇ ‘ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್’ ಎಂದು ಕೂಗುತ್ತಾರೆ. ಚೆಂಡು ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್, ಒತ್ತಾಯ ರದ್ದು.

ಇದು ನಡೆಯಲು ಒಂದು ಮತ್ತು ಎರಡರಲ್ಲಿ, ಇಲ್ಲವೇ ಮೂರೂ ಬೇಸಿನಲ್ಲಿ ರನ್ನರುಗಳಿರಬೇಕು, ಔಟ್ ಎರಡಕ್ಕಿಂತ ಕಡಿಮೆ ಇರಬೇಕು, ಚೆಂಡು ಫೇರ್ ಆಗಿರಬೇಕು, ಇನ್‌ಫೀಲ್ಡರ್ (ಬೇಸುಗಳ ಆಸುಪಾಸಿನ ಫೀಲ್ಡರ್) ಹೆಚ್ಚು ಶ್ರಮವಿಲ್ಲದೆ ಹಿಡಿಯುವಂತಿರಬೇಕು. ಬಂಟ್‌ನಿಂದ ಎದ್ದದ್ದು, ಗುಂಡಿನಂತೆ ನೇರ ಹೋದದ್ದು ಇದಕ್ಕೆ ಸೇರುವುದಿಲ್ಲ. ‘ಹೆಚ್ಚು ಶ್ರಮವಿಲ್ಲದೆ’ ಎಂಬಲ್ಲಿ ಅಂಪೈರ್ ವಿವೇಚನೆಗೆ ಎಡೆಯಿದೆ. ಆಷಾಢದ ಗಾಳಿಗೆ ದುರ್ಗದ ಮೈದಾನದಲ್ಲಿ ಚೆಂಡು ಹತ್ತು ಹೆಜ್ಜೆ ಸರಿದು ಫೀಲ್ಡರ್ ಅದರ ಹಿಂದೆ ತಡಕಾಡುತ್ತಿದ್ದರೆ ಅಂಪೈರ್ ಕೂಗದೆ ಬಿಡಬಹುದು. ಅದು ತಪ್ಪಲ್ಲ.

ಮಕ್ಕಳು ಮರೆಯುವ ಒಂದು ಮಾತಿದೆ: ಕೂಗಿದ ಮೇಲೂ ಚೆಂಡು ಜೀವಂತ. ರನ್ನರುಗಳು ತಮ್ಮ ಜವಾಬ್ದಾರಿಯಲ್ಲಿ ಓಡಬಹುದು, ಆದರೆ ಅವರನ್ನು ಈಗ ಮೈಮುಟ್ಟಿಯೇ ಔಟ್ ಮಾಡಬೇಕು. ಚೆಂಡನ್ನು ಹಿಡಿದಿದ್ದರೆ, ಓಡುವ ಮುನ್ನ ತಮ್ಮ ಬೇಸನ್ನು ಮತ್ತೆ ಮುಟ್ಟಿರಬೇಕು.

ಶಾಲೆಯ ಮೈದಾನದಲ್ಲಿ ಸಾಫ್ಟ್‌ಬಾಲ್ ಅಂಕಣ ಹಾಕುವುದು ಹೇಗೆ? ನಾವು ಹಾಕಿದ್ದು ಪ್ರತಿ ಸಲ ಸೊಟ್ಟಗಾಗುತ್ತದೆ. (ಶಿಕ್ಷಕರು, ಹೊಸದುರ್ಗ)

ನಾಲ್ಕು ಬದಿಯನ್ನು ಒಂದರ ನಂತರ ಒಂದು ಅಳೆಯುತ್ತಾ ಹೋದರೆ ಸೊಟ್ಟಗಾಗುವುದೇ. ಮೊದಲು ಕರ್ಣ ಹಾಕಿ.

ಮಧ್ಯಾಹ್ನದ ಪಂದ್ಯಗಳಿದ್ದರೆ ಹೋಂ ಪ್ಲೇಟ್ ಪಶ್ಚಿಮಕ್ಕಿರಲಿ. ಆಗ ಇಳಿಬಿಸಿಲು ಬ್ಯಾಟರ್ ಬೆನ್ನಿಗೆ ಬೀಳುತ್ತದೆ. ಹೋಂ ಪ್ಲೇಟಿನ ಹಿಂದಿನ ಚೂಪು ಮೂಲೆ ಬರುವಲ್ಲಿ ಒಂದು ಗೂಟ ಹೊಡೆಯಿರಿ. ಅಲ್ಲಿಂದ ಪೂರ್ವಕ್ಕೆ ದಾರ ಎಳೆದು 25.86 ಮೀಟರಿಗೆ ಎರಡನೇ ಗೂಟ. ಇದು ಎರಡನೇ ಬೇಸಿನ ನಡುಬಿಂದು. ಅದೇ ದಾರದ ಮೇಲೆ 13.11 ಮೀಟರಿಗೆ (43 ಅಡಿ) ಮಹಿಳೆಯರ ಪಿಚಿಂಗ್ ಪ್ಲೇಟಿನ (ಚೆಂಡೆಸೆಯುವ ಪಿಚರ್ ನಿಲ್ಲುವ ಪಟ್ಟಿಯ) ಮುಂದಿನ ಅಂಚು. ಪುರುಷರಿಗೆ 14.02 ಮೀಟರ್ (46 ಅಡಿ). ಈಗ 36.58 ಮೀಟರಿನ ಹಗ್ಗದ ಎರಡು ತುದಿಗಳನ್ನು ಎರಡು ಗೂಟಕ್ಕೆ ಕಟ್ಟಿ, ಸರಿಯಾಗಿ ಮಧ್ಯದ ಗಂಟನ್ನು ಹಿಡಿದು ಬಲಕ್ಕೆ ಬಿಗಿಯಾಗಿ ಎಳೆಯಿರಿ. ಗಂಟು ನಿಂತಲ್ಲಿ ಒಂದನೇ ಬೇಸಿನ ಹೊರಮೂಲೆ, ಎಡಕ್ಕೆ ಎಳೆದರೆ ಮೂರನೆಯದರ ಹೊರಮೂಲೆ. ಬೇಸಿನಿಂದ ಬೇಸಿಗೆ 18.29 ಮೀಟರ್, ಅಂದರೆ 60 ಅಡಿ ಬಂತು. (ಬೇಸ್‌ಬಾಲ್‌ನಲ್ಲಿ ಇದು 90 ಅಡಿ, ಪಿಚರ್ ದೂರ 60 ಅಡಿ 6 ಅಂಗುಲ.)

ಕೊನೆಗೆ ಒಂದರಿಂದ ಮೂರಕ್ಕೆ ಅಳೆದು ನೋಡಿ. ಅಲ್ಲೂ 25.86 ಬರಬೇಕು. ಹೆಚ್ಚು ಬಂದರೆ ಹಗ್ಗ ಹಿಗ್ಗಿದೆ ಎಂದರ್ಥ, ನೈಲಾನ್ ಹಗ್ಗದ ದುರ್ಗುಣವೇ ಅದು. ಟೇಪಿನಿಂದಲೇ ಅಳೆದು ಸರಿಪಡಿಸಿ.

ಚೀಲ ಇಡುವಾಗ ಇನ್ನೊಂದು ತಪ್ಪಾಗುತ್ತದೆ. ಒಂದು ಮತ್ತು ಮೂರನೇ ಬೇಸು ಪೂರ್ತಿ ಚೌಕದ ಒಳಗೆ, ಗೆರೆಗೆ ತಾಗಿ ಕೂರಬೇಕು. ಎರಡನೆಯದು ಮಾತ್ರ ಗೂಟದ ಮೇಲೆ ನಡುವಾಗಿ. ಬ್ಯಾಟರ್ ಪೆಟ್ಟಿಗೆ ಪ್ಲೇಟಿನಿಂದ 6 ಅಂಗುಲ ದೂರ, 3 ಅಡಿ ಅಗಲ, 7 ಅಡಿ ಉದ್ದ. ಅದರಲ್ಲಿ ಪ್ಲೇಟಿನ ಮಧ್ಯದಿಂದ ಮುಂದಕ್ಕೆ 4, ಹಿಂದಕ್ಕೆ 3. ಗೆರೆಗೆ ಸುಡುಸುಣ್ಣ ಬೇಡವೇ ಬೇಡ, ಜಾರಿ ಬಿದ್ದ ಮಕ್ಕಳ ಕಣ್ಣು, ಚರ್ಮ ಸುಟ್ಟೀತು. ಚಾಕ್ ಪುಡಿ ಬಳಸಿ. ಗೂಟಗಳನ್ನು ಅಳತೆ ಮುಗಿದ ಕೂಡಲೇ ಕಿತ್ತುಹಾಕಿ.

ಚೀಲ ಜಾರಿದರೆ ಗಾಬರಿಯಾಗಬೇಡಿ: ಒಮ್ಮೆ ಸುರಕ್ಷಿತವಾಗಿ ತಲುಪಿದವನ ಕಾಲಿಗೆ ಸಿಕ್ಕಿ ಬೇಸು ಕಿತ್ತು ಹೋದರೆ ಅವನು ಔಟಲ್ಲ. ಮೈದಾನದ ಮೇಲೆ ಬಾಗಿದ ಬೇವಿನ ಕೊಂಬೆಗೆ ಚೆಂಡು ತಾಗಿದರೆ ಏನು ಎಂಬುದನ್ನು ಮಾತ್ರ ಪಂದ್ಯಕ್ಕೆ ಮೊದಲೇ ಇಬ್ಬರು ನಾಯಕರನ್ನೂ ಕರೆದು ತೀರ್ಮಾನಿಸಿಕೊಳ್ಳಿ.

ಪಿಚಿಂಗ್ ಮಾಡುವಾಗ ಕೈಯನ್ನು ಎರಡು ಸುತ್ತು ತಿರುಗಿಸಬಹುದೇ? (ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಚಿತ್ರದುರ್ಗ)

ಇಲ್ಲ, ಒಂದೇ ಸುತ್ತು. ಈ ಶೈಲಿಯ ಹೆಸರೇ ವಿಂಡ್‌ಮಿಲ್, ನಿಮ್ಮೂರಿನ ಗುಡ್ಡಗಳ ಮೇಲಿರುವ ಗಾಳಿಯಂತ್ರದ ಹಾಗೆ. ಅದು ದಿನವಿಡೀ ತಿರುಗಲಿ, ನೀವು ಒಂದು ಸುತ್ತಿಗೆ ಚೆಂಡು ಬಿಡಬೇಕು. ಬಿಡುವಾಗ ಕೈ ಸೊಂಟಕ್ಕಿಂತ ಕೆಳಗಿರಬೇಕು, ಮಣಿಕಟ್ಟು ಮೊಣಕೈಗಿಂತ ಹೊರಕ್ಕೆ ಹೋಗಬಾರದು. ಸುತ್ತು ಶುರುಮಾಡುವ ಮೊದಲು ಎರಡೂ ಕೈಯಲ್ಲಿ ಚೆಂಡು ಹಿಡಿದು ನಿಶ್ಚಲವಾಗಿ ನಿಲ್ಲಬೇಕು, ಹೊಸಬರು ತಪ್ಪುವುದು ಇಲ್ಲಿಯೇ. ತಪ್ಪಿದರೆ ಬ್ಯಾಟರ್ ಲೆಕ್ಕಕ್ಕೆ ಒಂದು ‘ಬಾಲ್’ (ಕೆಟ್ಟ ಎಸೆತದ ಎಣಿಕೆ, ನಾಲ್ಕಾದರೆ ಬ್ಯಾಟರಿಗೆ ಒಂದನೇ ಬೇಸ್) ಸೇರುತ್ತದೆ. ಅಂಥ ಎಸೆತವನ್ನು ಬ್ಯಾಟರ್ ಹೊಡೆದು ಒಂದನೇ ಬೇಸ್ ತಲುಪಿ, ಉಳಿದ ರನ್ನರುಗಳೂ ಒಂದೊಂದು ಬೇಸ್ ಮುಂದೆ ಹೋದರೆ ಆ ಆಟವೇ ಉಳಿಯುತ್ತದೆ.

ನಿಮ್ಮ ಕೈಯಿಂದ ಚೆಂಡು ಬಿಡುವವರೆಗೂ ರನ್ನರುಗಳು ಬೇಸ್ ಬಿಡುವಂತಿಲ್ಲ, ಬಿಟ್ಟರೆ ಔಟ್. ಬೇಸ್‌ಬಾಲ್‌ನಲ್ಲಿ ಹಾಗಲ್ಲ, ಅಲ್ಲಿ ರನ್ನರ್ ನಾಲ್ಕು ಹೆಜ್ಜೆ ಮುಂದೆ ಬಂದು ಪಿಚರನ್ನು ಕೆಣಕುವುದೇ ಆಟದ ಒಂದು ಸೊಗಸು.

ಮೂರು ಸ್ಟ್ರೈಕ್ ಆದವಳು ಒಂದನೇ ಬೇಸಿಗೆ ಓಡಿದಳು, ಅಂಪೈರ್ ಸುಮ್ಮನಿದ್ದರು! (ಜಗಳೂರು)

ಅಂಪೈರ್ ಸರಿ. ಮೂರನೇ ಸ್ಟ್ರೈಕನ್ನು ಕ್ಯಾಚರ್ ನೆಲಕ್ಕೆ ತಾಗದಂತೆ ಹಿಡಿಯದಿದ್ದರೆ, ಒಂದನೇ ಬೇಸ್ ಖಾಲಿ ಇದ್ದಾಗ ಬ್ಯಾಟರ್ ಓಡಬಹುದು. ಎರಡು ಔಟ್ ಆಗಿದ್ದರೆ ಬೇಸ್ ತುಂಬಿದ್ದರೂ ಓಡಬಹುದು. ಅವಳ ಮೈಮುಟ್ಟಬೇಕು ಅಥವಾ ಚೆಂಡು ಒಂದನೇ ಬೇಸಿಗೆ ಮೊದಲು ತಲುಪಬೇಕು.

ಒಂದನೇ ಬೇಸಿಗೆ ಎರಡು ಬಣ್ಣ ಏಕೆ? ಅದನ್ನು ದಾಟಿ ಓಡಿದರೆ ಔಟೇ? (ಹೊನ್ನಾಳಿ)

ಢಿಕ್ಕಿ ತಪ್ಪಿಸಲು. ಫೇರ್ ಜಾಗದ ಬಿಳಿ ಭಾಗ ಫೀಲ್ಡರಿಗೆ, ಫೌಲ್ ಜಾಗದ ಕಿತ್ತಳೆ ಭಾಗ ಓಡಿ ಬರುವ ಬ್ಯಾಟರಿಗೆ. ಒಮ್ಮೆ ತಲುಪಿದ ಮೇಲೆ ಕಿತ್ತಳೆ ಮರೆತುಬಿಡಿ, ಬಿಳಿಯೇ ಬೇಸ್. ದಾಟಿ ಓಡಬಹುದು, ನೇರ ಮರಳಿದರೆ ಸುರಕ್ಷಿತ. ಎರಡನೇ ಬೇಸಿನ ಕಡೆಗೆ ಹೊರಡುವ ಯತ್ನ ಮಾಡಿದರೆ ಮಾತ್ರ ಮೈಮುಟ್ಟಿ ಔಟ್ ಮಾಡಬಹುದು. ಎರಡು, ಮೂರನೇ ಬೇಸಿಗೆ ಈ ರಿಯಾಯಿತಿ ಇಲ್ಲ.

ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡಲ್ಲವೇ? ಬರಿಗೈಯಲ್ಲಿ ಹಿಡಿಯಬಹುದೇ? (ಚನ್ನಗಿರಿ)

1887ರಲ್ಲಿ ಷಿಕಾಗೋದ ಒಳಾಂಗಣದಲ್ಲಿ ಈ ಆಟ ಹುಟ್ಟಿದಾಗ ಬಾಕ್ಸಿಂಗ್ ಗ್ಲೌಸನ್ನೇ ಸುತ್ತಿ ಕಟ್ಟಿ ಚೆಂಡು ಮಾಡಿದ್ದರು. ಹೆಸರು ಉಳಿಯಿತು, ಮೆತ್ತಗಿನ ಗುಣ ಹೋಯಿತು. ಈಗಿನ ಚೆಂಡಿನ ಸುತ್ತಳತೆ 12 ಅಂಗುಲ, ತೂಕ 178ರಿಂದ 198 ಗ್ರಾಂ. ಪುರುಷರ ಕ್ರಿಕೆಟ್ ಚೆಂಡು 163 ಗ್ರಾಂ ಮೀರುವುದಿಲ್ಲ ಎಂಬುದನ್ನು ನೆನೆದರೆ ಗ್ಲೌಸ್ ಯಾಕೆಂದು ತಿಳಿಯುತ್ತದೆ. ಕ್ಯಾಚರಿಗೆ ಮುಖಕವಚ, ಎದೆಕವಚ, ಕಾಲುಕವಚವಿಲ್ಲದೆ ಅಭ್ಯಾಸವನ್ನೂ ಮಾಡಿಸಬೇಡಿ. ಬ್ಯಾಟು 34 ಅಂಗುಲ ಉದ್ದ, ಎರಡೂಕಾಲು ಅಂಗುಲ ದಪ್ಪ ಮೀರಬಾರದು, ಆದ್ದರಿಂದ ದಪ್ಪ ಬೇಸ್‌ಬಾಲ್ ಬ್ಯಾಟು ಇಲ್ಲಿ ನಡೆಯುವುದಿಲ್ಲ.

ಏಳು ಇನ್ನಿಂಗ್ಸ್ ಆಟವನ್ನು ಐದಕ್ಕೇ ಮುಗಿಸಿದರು. ಮಳೆಯೂ ಇರಲಿಲ್ಲ. (ದಾವಣಗೆರೆ)

ಅಂತರ ನೋಡಿದಿರಾ? ಮೂರು ಇನ್ನಿಂಗ್ಸ್ ಮುಗಿದಾಗ 15, ನಾಲ್ಕಕ್ಕೆ 10, ಐದಕ್ಕೆ 7 ರನ್ ಮುಂದಿದ್ದರೆ ಸಾಫ್ಟ್‌ಬಾಲ್ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಹಿಂದಿರುವ ತಂಡಕ್ಕೆ ಆ ಇನ್ನಿಂಗ್ಸಿನ ತನ್ನ ಬ್ಯಾಟಿಂಗ್ ಸರದಿ ಮಾತ್ರ ಸಿಕ್ಕಿರಬೇಕು.