ಆತ್ಮ ಉಳಿದರೆ ಸಾಲದೇ, ದೇಹ ಏಕೆ ಏಳಬೇಕು?

ಪ್ರಶ್ನೆ: ಸತ್ತ ಮೇಲೆ ಆತ್ಮ ದೇವರ ಬಳಿ ಸೇರುತ್ತದೆ ಎಂದು ನಂಬುತ್ತೇನೆ. ಹಾಗಿರುವಾಗ ಯೇಸುವಿನ ದೇಹವೇ ಸಮಾಧಿಯಿಂದ ಎದ್ದಿತೆಂಬುದಕ್ಕೆ ಅಷ್ಟು ಮಹತ್ವ ಏಕೆ? ಆತ ಎದ್ದುದನ್ನು ಆಚರಿಸುವ ಈಸ್ಟರ್ ಮುಗಿದ ಮರುದಿನ ನನ್ನ ಬದುಕು ಮೊದಲಿನಂತೆಯೇ ಇರುತ್ತದೆ.

ಉತ್ತರ: ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯಲ್ಲೂ ಕೆಲವರು ಸತ್ತವರಿಗೆ ಪುನರುತ್ಥಾನವೇ ಇಲ್ಲ ಎನ್ನುತ್ತಿದ್ದರು. ಅವರಿಗೆ ಅಪೊಸ್ತಲ ಪೌಲ ಕೊಟ್ಟ ಉತ್ತರ, ಕ್ರಿ.ಶ. 55ರ ಆಸುಪಾಸಿನಲ್ಲಿ ಬರೆದ, ಬೈಬಲಿನಲ್ಲಿ ಕೊರಿಂಥದವರಿಗೆ ಮೊದಲ ಪತ್ರ ಎನಿಸಿಕೊಂಡಿರುವುದರ 15ನೇ ಅಧ್ಯಾಯ. ಕ್ರಿಸ್ತ ಏಳದಿದ್ದರೆ ನಿಮ್ಮ ನಂಬಿಕೆ ವ್ಯರ್ಥ, ನೀವಿನ್ನೂ ಪಾಪದಲ್ಲೇ ಇದ್ದೀರಿ ಎಂದು 17ನೇ ವಚನ ಖಡಾಖಂಡಿತವಾಗಿ ಹೇಳುತ್ತದೆ. ಆತ್ಮವಾದರೂ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಜಾಗವೇ ಇಲ್ಲ. 26ನೇ ವಚನದಲ್ಲಿ ಸಾವು ಕಡೆಯ ಶತ್ರು. ದೇವರು ಉಂಟುಮಾಡಿದ ದೇಹ ಅದರ ಕೈಯಲ್ಲೇ ಉಳಿದುಬಿಟ್ಟರೆ ಆ ಶತ್ರು ಸೋತಂತಾಗುವುದು ಹೇಗೆ?

ಇಲ್ಲಿ ಯೇಸು ಸಾವಿನಿಂದ ಎಬ್ಬಿಸಿದ ಲಾಜರನನ್ನು ನೆನೆಯಬೇಕು. ನಾಲ್ಕು ದಿನ ಸಮಾಧಿಯಲ್ಲಿದ್ದು ಎದ್ದುಬಂದ ಆತ ಹಳೆಯ ಬದುಕಿಗೇ ಮರಳಿದ. ಎಲ್ಲರಂತೆ ಅವನಿಗೂ ಮತ್ತೊಮ್ಮೆ ಸಾವಿತ್ತು. ಯೇಸುವಿನದು ಬೇರೆ. ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ, ಎದ್ದ ಮೇಲೆ ಆತ ಸುಟ್ಟ ಮೀನು ತಿನ್ನುತ್ತಾನೆ, ಯೋಹಾನನ ಸುವಾರ್ತೆಯ 20ರಲ್ಲಿ ಶಿಷ್ಯ ತೋಮನಿಗೆ ಶಿಲುಬೆಯ ಗಾಯ ತೋರಿಸುತ್ತಾನೆ. ಅದೇ ಅಧ್ಯಾಯದಲ್ಲಿ ಮುಚ್ಚಿದ ಬಾಗಿಲ ಒಳಗೂ ಬಂದು ನಿಲ್ಲುತ್ತಾನೆ. ದೇಹ ಅದೇ, ಆದರೆ ಇನ್ನು ಸಾಯುವಂಥದ್ದಲ್ಲ. ಪೌಲ ಇದನ್ನು ‘ಪ್ರಥಮಫಲ’ ಎನ್ನುತ್ತಾನೆ: ಮೊದಲ ತೆನೆ ಕೈಗೆ ಬಂದಿದೆ, ಉಳಿದ ಪೈರು ಬರಲಿದೆ.

ಇನ್ನು ಈಸ್ಟರ್ ಮರುದಿನದ ಮಾತು. ಪೌಲನ ಆ 15ನೇ ಅಧ್ಯಾಯದ ಕೊನೆಯ ವಚನ, 58, ಕರ್ತನಲ್ಲಿ ನೀವು ಪಡುವ ಶ್ರಮ ವ್ಯರ್ಥವಾಗದು ಎನ್ನುತ್ತದೆ. ಅದರ ಬೆನ್ನಿಗೇ 16ನೇ ಅಧ್ಯಾಯ ಹಣದ ವಿಚಾರ ಎತ್ತುತ್ತದೆ: ಯೆರೂಸಲೇಮಿನ ಭಕ್ತರಿಗಾಗಿ ಪ್ರತಿ ವಾರದ ಮೊದಲ ದಿನ ವರಮಾನಕ್ಕೆ ತಕ್ಕಷ್ಟು ತೆಗೆದಿಡಿ. ಓದುವಾಗ ಹೆಚ್ಚಿನವರು 15ಕ್ಕೇ ಪುಸ್ತಕ ಮುಚ್ಚುತ್ತಾರೆ. ನೀವು 16ರ ನಾಲ್ಕನೇ ವಚನದವರೆಗೆ ಒಂದೇ ಬೈಠಕ್ಕಿನಲ್ಲಿ ಓದಿ, ಆಮೇಲೆ ಭಾನುವಾರಕ್ಕೆ ಒಂದು ಮೊತ್ತ ಗೊತ್ತುಮಾಡಿಕೊಳ್ಳಿ. ದೇಹಕ್ಕೆ ಭವಿಷ್ಯವಿದೆ ಎಂದು ನಂಬಿದವರಿಗೆ ರೋಗಿಯ ಹಾಸಿಗೆ ಬದಲಿಸುವುದೂ ಹಸಿದವನಿಗೆ ಬಡಿಸುವುದೂ ಆರಾಧನೆಗಿಂತ ಕೆಳಗಿನ ಕೆಲಸವಾಗಲಾರದು.

ಎರಡು ಕಡೆ ಜನ ಎಡವುತ್ತಾರೆ. ಒಂದು, ಸಾವಿನ ಮನೆಯಲ್ಲಿ ‘ಪುನರುತ್ಥಾನ ಇದೆಯಲ್ಲ, ಅಳಬೇಡಿ’ ಎನ್ನುವುದು. ಲಾಜರನನ್ನು ಎಬ್ಬಿಸುವ ಮೊದಲು ಯೇಸುವೇ ಅತ್ತ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಪೌಲ ಥೆಸಲೋನಿಕದವರಿಗೆ ಬರೆದನೇ ಹೊರತು ದುಃಖವೇ ಬೇಡ ಎನ್ನಲಿಲ್ಲ. ಇನ್ನೊಂದು, ಹಳೆಯ ಚಟ ಮರುಕಳಿಸಿದಾಗ ನಂಬಿಕೆಯೇ ಸುಳ್ಳೆಂದುಕೊಳ್ಳುವುದು. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ದೀಕ್ಷಾಸ್ನಾನದಲ್ಲಿ ಹೊಸ ಜೀವ ಸಿಕ್ಕಿದೆ ಎಂದ ಮೇಲೂ ಪಾಪಕ್ಕೆ ಆಳಲು ಬಿಡಬೇಡಿ ಎಂದು ಎಚ್ಚರಿಸುತ್ತದೆ. ಹೋರಾಟ ಮುಗಿದಿದ್ದರೆ ಆ ಎಚ್ಚರಿಕೆಯ ಅಗತ್ಯವೇ ಇರುತ್ತಿರಲಿಲ್ಲ.

ಅಂದಹಾಗೆ, ಸಭೆಯ ಪಂಚಾಂಗದಲ್ಲಿ ಈಸ್ಟರ್ ಕಾಲ, ಪವಿತ್ರಾತ್ಮ ಇಳಿದುಬಂದುದನ್ನು ನೆನೆಯುವ ಪೆಂತೆಕೊಸ್ತು ಹಬ್ಬದವರೆಗೆ 50 ದಿನ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನ ಶಿಸ್ತಾಗಿ ಉಪವಾಸ ಮಾಡಿದವರೂ ಇದನ್ನು ಒಂದೇ ದಿನಕ್ಕೆ ಮುಗಿಸಿಬಿಡುತ್ತಾರೆ. ಉಪವಾಸದಲ್ಲಿ ಮಿಗಿಸಿಕೊಂಡ ಸಮಯವನ್ನು ಈ ಏಳು ವಾರಗಳಲ್ಲೂ ಇತರರಿಗಾಗಿ ತೆಗೆದಿಡಿ, ನಿಮ್ಮೊಡನೆ ಮಾತು ಬಿಟ್ಟಿರುವ ಒಬ್ಬರ ಮನೆಗೆ ಹೋಗುವುದರಿಂದ ಶುರುಮಾಡಿ.