ಬೆಳಗಿನ ಜಾವ ನಾಲ್ಕಕ್ಕೆ ಬಂಗಾಳಿ ರೇಡಿಯೋ

ಪ್ರಶ್ನೆ: ನಮ್ಮ ಮಹಡಿ ಮೇಲಿನ ರೂಮನ್ನು ಫ್ಯಾಕ್ಟರಿಗೆ ಹೋಗುವ ಬಂಗಾಳದ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಒಳ್ಳೆಯವರೇ. ಆದರೆ ಹೋದ ವರ್ಷ ಮಹಾಲಯ ಅಮಾವಾಸ್ಯೆ ದಿನ ಬೆಳಗಿನ ಜಾವ ನಾಲ್ಕಕ್ಕೇ ಫೋನಿನಲ್ಲಿ ರೇಡಿಯೋ ಜೋರಾಗಿ ಹಾಕಿದ್ದರು. ಶಂಖ, ಶ್ಲೋಕ, ನಡುವೆ ಯಾರೋ ಅಳುತ್ತಾ ಓದಿದ ಹಾಗೆ. ನಮ್ಮ ಯಜಮಾನರಿಗೆ ಕೋಪ ಬಂತು. ಏನದು? ಈ ಸಲವೂ ಹಾಕುತ್ತಾರಾ?
— ಓದುಗರು, ನರಸಾಪುರ, ಕೋಲಾರ ಜಿಲ್ಲೆ

ಉತ್ತರ: ಹಾಕುತ್ತಾರೆ ತಾಯಿ, ಬೈಯಬೇಡಿ. ನೀವು ಕೇಳಿದ್ದು 'ಮಹಿಷಾಸುರಮರ್ದಿನಿ'. 1930ರ ದಶಕದ ಶುರುವಿನಿಂದ ಕೋಲ್ಕತ್ತಾ ರೇಡಿಯೋ ಕೇಂದ್ರ ಪ್ರಸಾರ ಮಾಡುತ್ತಿರುವ ಕಾರ್ಯಕ್ರಮ, ಸುಮಾರು ಒಂದೂವರೆ ಗಂಟೆ ಇರುತ್ತದೆ. ಬರೆದವರು ಬಾನಿ ಕುಮಾರ್, ಸಂಗೀತ ಪಂಕಜ್ ಮಲ್ಲಿಕ್ ಅವರದು, ಓದಿದವರು ಬೀರೇಂದ್ರ ಕೃಷ್ಣ ಭದ್ರ. ದೇವಿಯನ್ನು ಕರೆಯುವಾಗ ಭದ್ರ ಅವರ ಗಂಟಲು ಕಟ್ಟಿಬರುತ್ತದೆ. ನಿಮಗೆ ಅಳು ಅನ್ನಿಸಿದ್ದು ಅದೇ. ಮೊದಲೆಲ್ಲ ಕಲಾವಿದರು ರಾತ್ರಿಯೇ ಸ್ಟುಡಿಯೋಗೆ ಬಂದು ನೇರವಾಗಿ ಹಾಡುತ್ತಿದ್ದರು, ಈಗ ಬರುವುದು ಹಳೆಯ ರೆಕಾರ್ಡಿಂಗ್. ಭದ್ರ ಅವರು 1991ರಲ್ಲಿ ತೀರಿಕೊಂಡರು. ದನಿ ಮಾತ್ರ ಪ್ರತಿ ವರ್ಷ ಬರುತ್ತದೆ.

ನಮ್ಮ ಕಡೆ ಅವತ್ತು ಹಿರಿಯರಿಗೆ ಎಡೆ ಇಡುವ ದಿನ, ಅಲ್ವಾ? ಬಂಗಾಳದವರೂ ನದಿಗೆ ಹೋಗಿ ತರ್ಪಣ ಬಿಡುತ್ತಾರೆ. ಆದರೆ ಅದಕ್ಕೂ ಮುಂಚೆ, ಇನ್ನೂ ಕತ್ತಲಿರುವಾಗಲೇ, ಮನೆಮಂದಿಯೆಲ್ಲ ಎದ್ದು ರೇಡಿಯೋ ಹತ್ತಿರ ಕೂರುತ್ತಾರೆ. ನಮಗೆ ಗೌರಿ ಬರುವ ಹಾಗೆ ಅವರಿಗೆ ದುರ್ಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಬರುವ ಮಗಳು. ಈ ದನಿ ಕಿವಿಗೆ ಬಿದ್ದರೇನೇ ದುರ್ಗಾಪೂಜೆ ಹಬ್ಬ ಬಂತು ಅಂತ ಲೆಕ್ಕ.

1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲ, ಆಕಾಶವಾಣಿ ಇದನ್ನು ತೆಗೆದು ಹೊಸದೊಂದು ಕಾರ್ಯಕ್ರಮ ಹಾಕಿತು. ಓದಿದವರಲ್ಲಿ ಬಂಗಾಳದವರ ಕಣ್ಮಣಿಯಾಗಿದ್ದ ನಟ ಉತ್ತಮ್ ಕುಮಾರ್ ಇದ್ದರು, ಸಂಗೀತ ಹೇಮಂತ್ ಕುಮಾರ್ ಅವರದು. ಇಬ್ಬರೂ ಸಣ್ಣವರಲ್ಲ. ಆದರೂ ಜನ ಒಪ್ಪಲಿಲ್ಲ, ಎಷ್ಟು ಸಿಟ್ಟಾದರು ಅಂದರೆ ಅದೇ ಹಬ್ಬದ ಷಷ್ಠಿ ದಿನ ಹಳೆಯದನ್ನೇ ಮತ್ತೆ ಹಾಕಬೇಕಾಯಿತು. ಅಷ್ಟು ಹಚ್ಚಿಕೊಂಡ ದನಿಯನ್ನು ಊರು ಬಿಟ್ಟು ಬಂದ ಹುಡುಗರು ಬಿಡುತ್ತಾರಾ? ಹಿಂದಿನ ದಿನವೇ ಕರೆದು ಸೌಂಡ್ ಸ್ವಲ್ಪ ಕಡಿಮೆ ಇಡಿ ಅನ್ನಿ, ಖಂಡಿತ ಕೇಳುತ್ತಾರೆ. ಆದರೆ ನೀವೂ ಎದ್ದು ಜೊತೆಗೆ ಕೂತರೆ ನನಗೆ ಜಾಸ್ತಿ ಖುಷಿ. ದೇವಿ ಮಹಾತ್ಮೆಯ ಶ್ಲೋಕಗಳು ನಿಮಗೂ ಗೊತ್ತಿರುವವೇ.

ಪ್ರಶ್ನೆ: ನಮ್ಮಪ್ಪನ ಹಳೇ ರೇಡಿಯೋದಲ್ಲಿ ರಾತ್ರಿ ಬೆಂಗಳೂರು ಸ್ಟೇಷನ್ ಪಕ್ಕದಲ್ಲೇ ಬಂಗಾಳಿ ಕೇಳಿಸುತ್ತಿತ್ತು. ಹಗಲು ಇಲ್ಲವೇ ಇಲ್ಲ. ಯಾಕೆ?
— ಓದುಗರು, ತುಮಕೂರು

ಉತ್ತರ: ಬೆಂಗಳೂರು 612 ಕಿಲೋಹರ್ಟ್ಸ್‌ನಲ್ಲಿದೆ. ಅದರ ಪಕ್ಕ 594 ಇದೆಯಲ್ಲ, ಅದು ಕೋಲ್ಕತ್ತಾ ಹತ್ತಿರದ ಚಿನ್ಸುರಾದ್ದು. ಬಾಂಗ್ಲಾದೇಶದ ಕೇಳುಗರಿಗಾಗಿ 2016ರಲ್ಲಿ 'ಆಕಾಶವಾಣಿ ಮೈತ್ರಿ' ಶುರುವಾಗಿದ್ದು ಅಲ್ಲಿಂದಲೇ, 1000 ಕಿಲೋವಾಟ್ ಟ್ರಾನ್ಸ್‌ಮಿಟರ್. ನೀವು ಕೇಳಿದ್ದು ಅದೇ ಇರಬೇಕು. ಹಗಲಲ್ಲಿ ಮೀಡಿಯಂ ವೇವ್ ಅಲೆಗಳನ್ನು ಆಕಾಶದ ಮೇಲಿನ ಒಂದು ಪದರ ಹೀರಿಬಿಡುತ್ತದೆ. ಬಿಸಿಲು ಹೋದರೆ ಆ ಪದರವೂ ಹೋಗುತ್ತದೆ. ಆಗ ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿಂದ ಪುಟಿದು ಸಾವಿರಾರು ಕಿಲೋಮೀಟರ್ ಆಚೆ ಬೀಳುತ್ತದೆ. ಮತ್ತೆ ಹಿಡಿಯಬೇಕು ಅಂದರೆ ಎಲ್‌ಇಡಿ ಬಲ್ಬ್ ಆರಿಸಿ (ಅದರಿಂದ ಗರಗರ ಸದ್ದು ಬರುತ್ತದೆ), ರೇಡಿಯೋವನ್ನೇ ಮೆಲ್ಲಗೆ ಸುತ್ತ ತಿರುಗಿಸುತ್ತಾ ಬನ್ನಿ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಗೆ ದಿಕ್ಕು ಮುಖ್ಯ.